ಬ್ಯಾಟರಿ ಚೈನ್‌ಸಾ: ತೋಟದಲ್ಲಿ ಸುರಕ್ಷಿತವಾಗಿ ಬಳಸುವುದು, ಚೆನ್ನಾಗಿ ಇಟ್ಟುಕೊಳ್ಳುವುದು

ಮಂಡ್ಯ, ಮೈಸೂರು ಕಡೆಯ ತೋಟಗಳಲ್ಲಿ ಮರ ಕೊಯ್ಯುವ ಯಂತ್ರ ಎಂದರೆ ಬಹುಕಾಲ ಪೆಟ್ರೋಲಿನದ್ದೇ ಆಗಿತ್ತು. ಚೋಕ್ ಹಾಕಿ, ಹಗ್ಗ ಎಳೆದು, ಮತ್ತೆ ಎಳೆದು, ಪಕ್ಕದ ಊರಿಗೂ ಕೇಳುವಂತೆ ಅದು ಕೂಗಿಕೊಂಡ ಮೇಲೆಯೇ ಕೆಲಸ ಶುರು. ಬ್ಯಾಟರಿ ಯಂತ್ರಕ್ಕೆ ಈ ಪೀಠಿಕೆ ಇಲ್ಲ. ಟ್ರಿಗರ್ ಒತ್ತಿದರೆ ಚೈನ್ ಕ್ಷಣಮಾತ್ರದಲ್ಲಿ ಪೂರ್ತಿ ವೇಗಕ್ಕೆ ಬರುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಸುಮ್ಮನಾದಾಗಲೇ ಜನ ಎಚ್ಚರ ತಪ್ಪುವುದು. ಪೆಟ್ರೋಲ್ ಯಂತ್ರ ಓಡುತ್ತಿದೆಯೋ ನಿಂತಿದೆಯೋ ಎಂದು ಕಿವಿಯೇ ಹೇಳಿಬಿಡುತ್ತದೆ. ಬ್ಯಾಟರಿ ಯಂತ್ರ ಬದುವಿನ ಮೇಲೆ ತಣ್ಣಗೆ ಮಲಗಿದ್ದರೂ ಕೊಯ್ಯಲು ಸಿದ್ಧವಾಗಿಯೇ ಇರುತ್ತದೆ.

ಹಾಗಾಗಿ ಮೊದಲ ನಿಯಮ: ಕೊಯ್ಯುವ ಹೊತ್ತು ಬಿಟ್ಟು ಉಳಿದೆಲ್ಲ ಹೊತ್ತೂ ಬ್ಯಾಟರಿ ಯಂತ್ರದ ಹೊರಗಿರಬೇಕು. ಚೈನ್ ಬಿಗಿ ಮಾಡುವಾಗ, ಎಣ್ಣೆ ಹಾಕುವಾಗ, ಸಿಕ್ಕಿಕೊಂಡ ನಾರು ತೆಗೆಯುವಾಗ, ಕಾಲುವೆ ದಾಟುವಾಗ, ಚಹಾ ಕುಡಿಯಲು ಕೂರುವಾಗ, ಬ್ಯಾಟರಿ ತೆಗೆದು ಜೇಬಿಗೋ ಚೀಲಕ್ಕೋ ಹಾಕಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಯಂತ್ರ ಒಂದು ಕಡೆ, ಬ್ಯಾಟರಿ ಬೀರುವಿನಲ್ಲಿ.

ಯಂತ್ರದ ಆಯ್ಕೆ

ಅಂಗಡಿಯಲ್ಲಿ ಎರಡು ಬಗೆಯವು ಸಿಗುತ್ತವೆ. 4ರಿಂದ 6 ಇಂಚಿನ ಬಾರ್ (ಚೈನ್ ಸುತ್ತಿ ಓಡುವ ಉದ್ದನೆಯ ಲೋಹದ ಪಟ್ಟಿ) ಇರುವ ಪುಟ್ಟ ಯಂತ್ರ ಕೊಂಬೆ ಸವರಲು. 10ರಿಂದ 16 ಇಂಚಿನ ಬಾರ್ ಇರುವುದು ದಿಮ್ಮಿ ತುಂಡು ಮಾಡಲು. ತೋಟದಲ್ಲಿ ಬಿದ್ದ ತೆಂಗು, ಬೇಲಿಯ ಗ್ಲಿರಿಸಿಡಿಯಾ, ಒಣಗಿದ ಹೊಂಗೆ ಇವಿಷ್ಟೇ ಕೆಲಸವಾದರೆ 12 ಅಥವಾ 14 ಇಂಚು ಸಾಕು. ಬಾರ್ ಉದ್ದವಾದಷ್ಟೂ ಮೋಟಾರಿಗೂ ತೋಳಿಗೂ ದಣಿವು ಹೆಚ್ಚು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ 48 ವಿಎಫ್, 88 ವಿಎಫ್ ಎಂಬ ಅಂಕಿಗಳನ್ನು ನೋಡಿ ಮರುಳಾಗಬೇಡಿ. ಈ ಅಗ್ಗದ ಪುಟ್ಟ ಯಂತ್ರಗಳ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಐದು ಲಿಥಿಯಂ ಸೆಲ್‌ಗಳು ಸಾಲಾಗಿ ಇರುತ್ತವೆ. ಒಂದೊಂದಕ್ಕೆ 3.6 ವೋಲ್ಟ್‌ನಂತೆ ಒಟ್ಟು 18 ವೋಲ್ಟ್; ಪೂರ್ತಿ ಚಾರ್ಜ್ ಆದ ಹೊಸತರಲ್ಲಿ ಅದೇ 21 ವೋಲ್ಟ್ ತೋರಿಸುತ್ತದೆ. ಬ್ಯಾಟರಿಯ ತಾಕತ್ತು ತಿಳಿಯಲು ನಿಜವಾದ ವೋಲ್ಟೇಜನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 36 ವೋಲ್ಟ್, 4 ಆಂಪಿಯರ್-ಅವರ್ ಎಂದರೆ 144 ವ್ಯಾಟ್-ಅವರ್. 18 ವೋಲ್ಟ್, 2 ಆಂಪಿಯರ್-ಅವರ್ ಎಂದರೆ ಬರೀ 36. ಅಂಗಡಿಯವರು ಈ ಲೆಕ್ಕವನ್ನು ತಾವಾಗಿ ಹೇಳುವುದಿಲ್ಲ.

ಚೈನ್ ಬ್ರೇಕ್ ಇಲ್ಲದ ದೊಡ್ಡ ಯಂತ್ರವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಮುಂದಿನ ಹಿಡಿಯ ಎದುರಿಗೆ ನಿಂತಿರುವ ಅಗಲ ಪಟ್ಟಿಯೇ ಆ ಬ್ರೇಕಿನ ಸನ್ನೆ. ಅದನ್ನು ಮುಂದಕ್ಕೆ ತಳ್ಳಿದರೆ ಚೈನ್ ತಕ್ಷಣ ನಿಲ್ಲಬೇಕು. ಪುಟ್ಟ ಯಂತ್ರಗಳಲ್ಲಿ ಬಹುತೇಕ ಇದು ಇರುವುದೇ ಇಲ್ಲ. ಜನ ಅವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕೊಂಬೆ ಹಿಡಿದು ಕೊಯ್ಯುತ್ತಾರೆ. ಬೆರಳು ಹೋಗುವುದು ಹೀಗೆಯೇ. ಯಂತ್ರ ಎಷ್ಟೇ ಪುಟ್ಟದಿರಲಿ, ಕೊಯ್ಯುವ ಜಾಗದ ಹತ್ತಿರ ಖಾಲಿ ಕೈ ಬರಕೂಡದು.

ಹಿಂದಿನ ದಿನ: ಚಾರ್ಜ್

ಲಿಥಿಯಂ ಬ್ಯಾಟರಿಗೆ ಬಿಸಿ ಆಗದು. 40 ಡಿಗ್ರಿ ಸೆಲ್ಸಿಯಸ್ ದಾಟಿದ ಜಾಗದಲ್ಲಿ ಚಾರ್ಜ್ ಮಾಡಿದರೆ ಅದರ ಆಯಸ್ಸು ಸವೆಯುತ್ತದೆ. ಒಳ್ಳೆಯ ಚಾರ್ಜರ್ ತಾನೇ ನಿರಾಕರಿಸಿ ಕೆಂಪು ದೀಪ ಹಚ್ಚುತ್ತದೆ. ಏಪ್ರಿಲ್‌ನಲ್ಲಿ ತಗಡಿನ ಚಾವಣಿಯ ಪಂಪ್‌ಸೆಟ್ ಮನೆಯ ಒಳಗೆ ಮಧ್ಯಾಹ್ನ ಒಮ್ಮೆ ಹೊಕ್ಕು ನೋಡಿದರೆ ಅದು ಚಾರ್ಜ್ ಮಾಡುವ ಜಾಗವಲ್ಲ ಎಂದು ಯಾರೂ ಹೇಳಬೇಕಾಗಿಲ್ಲ. ಸ್ಟಾರ್ಟರ್ ಪೆಟ್ಟಿಗೆಯಿಂದ ಒಂದು ಫೇಸ್ ಎಳೆದು, ಇನ್ನೊಂದು ತಂತಿಯನ್ನು ನೆಲಕ್ಕೆ ಹೂತು ಚಾರ್ಜರ್ ಹಾಕುವ ಅಭ್ಯಾಸವೂ ಕೆಲವೆಡೆ ಇದೆ. ಚಾರ್ಜರ್ ಸುಡುವುದು ಹಾಗಿರಲಿ, ಒದ್ದೆ ನೆಲದಲ್ಲಿ ನಿಂತವರ ಪ್ರಾಣಕ್ಕೇ ಅದು ಸಂಚಕಾರ. ಮನೆಯಲ್ಲಿ, ಗಾಳಿಯಾಡುವ ಕಡೆ, ಸಿಮೆಂಟ್ ನೆಲದ ಮೇಲಿಟ್ಟು, ನೀವು ಎಚ್ಚರವಾಗಿರುವಾಗ ಚಾರ್ಜ್ ಮಾಡಿ. ಹುಲ್ಲು, ಕಬ್ಬಿನ ತರಗು, ಗೋಣಿಚೀಲಗಳ ಹತ್ತಿರ ಬೇಡ.

ಕೆಲಸ ಮುಗಿಸಿ ತಂದ ಬ್ಯಾಟರಿ ಬಿಸಿಯಾಗಿದ್ದರೆ ಅರ್ಧ ಗಂಟೆಯಾದರೂ ಆರಲು ಬಿಟ್ಟು ಚಾರ್ಜಿಗೆ ಹಾಕಿ. ಕೆಳಗೆ ಬಿದ್ದು ಮೈ ಸೀಳಿದ್ದನ್ನು, ಊದಿಕೊಂಡಿದ್ದನ್ನು, ನಾಲೆಗೆ ಬಿದ್ದು ನೆನೆದಿದ್ದನ್ನು ಚಾರ್ಜ್ ಮಾಡಲೇಬೇಡಿ.

ಬೆಳಗ್ಗೆ: ಬಿಗಿ, ಎಣ್ಣೆ, ಬ್ರೇಕ್

ಬ್ಯಾಟರಿ ಹೊರಗಿದೆಯೇ ನೋಡಿ, ಕೈಗವಸು ಹಾಕಿಕೊಂಡು ಶುರು ಮಾಡಿ. ಬಾರ್‌ನ ಮೇಲಂಚಿನಲ್ಲಿ ಹಲ್ಲಿನ ಚೂಪು ಮೂತಿಯ ಕಡೆಗೆ, ಅಂದರೆ ನಿಮ್ಮಿಂದ ಆಚೆಗೆ ತಿರುಗಿರಬೇಕು. ಹೊಸದಾಗಿ ಚೈನ್ ಹಾಕುವವರು ಇದನ್ನು ತಿರುವುಮುರುವು ಮಾಡಿ, ಯಂತ್ರವೇ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವುದುಂಟು.

ಬಿಗಿ ನೋಡುವ ಕ್ರಮ ಹೀಗೆ. ಪಕ್ಕದ ಮುಚ್ಚಳದ ನಟ್ಟನ್ನು ಸ್ವಲ್ಪ ಸಡಿಲಿಸಿ, ಬಾರ್‌ನ ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡೇ ಬಿಗಿ ತಿರುಪನ್ನು ತಿರುಗಿಸಿ. ಬಾರ್‌ನ ಅಡಿಯಲ್ಲಿ ಜೋತಾಡುತ್ತಿದ್ದ ಚೈನ್ ಅಂಚಿಗೆ ತಾಗಿದಾಗ ನಿಲ್ಲಿಸಿ. ಮೂತಿ ಎತ್ತಿಕೊಂಡೇ ನಟ್ಟನ್ನು ಬಿಗಿಯಿರಿ. ಬ್ರೇಕ್ ಸಡಿಲಿಸಿ, ಬಾರ್‌ನ ನಡುಭಾಗದಲ್ಲಿ ಚೈನನ್ನು ಎಳೆದು ಬಿಡಿ: ಟಪ್ಪನೆ ಹಿಂದಕ್ಕೆ ಹೋಗಿ ಕೂರಬೇಕು, ಎಳೆದಾಗ ಅದರ ಕೆಳಗಿನ ಕೊಂಡಿಗಳು ಬಾರ್‌ನ ಅಂಚಿನ ಸೀಳಿನಿಂದ ಪೂರ್ತಿ ಹೊರಬರಬಾರದು. ಜತೆಗೆ ಕೈಯಿಂದ ಎಳೆದರೆ ಚೈನ್ ಸುತ್ತಲೂ ಸರಾಗವಾಗಿ ಓಡಬೇಕು. ಈ ಎರಡೂ ಆದರೆ ಬಿಗಿ ಸರಿ. ಹೊಸ ಚೈನ್ ಮೊದಲ ಅರ್ಧ ಗಂಟೆಯಲ್ಲಿ ಬೇಗ ಹಿಗ್ಗುತ್ತದೆ, ಆಗಾಗ ನೋಡಿಕೊಳ್ಳಿ. ಬಿಸಿಯಾದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಿ. ತಣ್ಣಗಾಗಿ ಕುಗ್ಗಿದ ಚೈನ್ ಬಾರ್ ಮತ್ತು ಮೋಟಾರಿನ ದಂಡ ಎರಡನ್ನೂ ಎಳೆಯುತ್ತದೆ.

ಬ್ಯಾಟರಿ ಯಂತ್ರ, ಎಣ್ಣೆ ಯಾಕೆ ಎಂದು ಕೇಳುವವರಿದ್ದಾರೆ. ಪೆಟ್ರೋಲ್ ಇಲ್ಲದಿರಬಹುದು, ಚೈನಿಗೆ ಎಣ್ಣೆ ಬೇಕೇ ಬೇಕು. ಚೈನ್ ಎಣ್ಣೆ ಎಂದೇ ಕೇಳಿ ತನ್ನಿ. ಅದು ಅಂಟಿಕೊಳ್ಳುವ ಗುಣದ್ದು, ವೇಗಕ್ಕೆ ಸಿಡಿದು ಹೋಗುವುದಿಲ್ಲ. ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆ ಬೇಡ. ಅದರಲ್ಲಿ ಲೋಹದ ಪುಡಿ, ಮಸಿ ಎಲ್ಲ ಇರುತ್ತವೆ. ಸಣ್ಣ ಎಣ್ಣೆ ಪಂಪ್ ಕಟ್ಟಿಕೊಳ್ಳುತ್ತದೆ, ಉಳಿದದ್ದು ನಿಮ್ಮದೇ ಮಣ್ಣಿಗೆ ಬೀಳುತ್ತದೆ. ಬ್ಯಾಟರಿ ಬದಲಿಸಿದಾಗಲೆಲ್ಲ ಎಣ್ಣೆಯನ್ನೂ ತುಂಬಿಸುವ ರೂಢಿ ಮಾಡಿಕೊಳ್ಳಿ.

ಈಗ ಬ್ಯಾಟರಿ ಹಾಕಿ. ಒಣ ತೆಂಗಿನ ಮಟ್ಟೆಯ ತಿಳಿ ಬಣ್ಣದ ಕಡೆಗೋ ಹಳೆಯ ಪತ್ರಿಕೆಯ ಕಡೆಗೋ ಮೂತಿಯನ್ನು ಒಂದು ಗೇಣು ದೂರದಲ್ಲಿ ಹಿಡಿದು ಕೆಲವು ಸೆಕೆಂಡ್ ಓಡಿಸಿ. ಎಣ್ಣೆಯ ಸಣ್ಣ ಗೆರೆ ಮೂಡಬೇಕು. ಮೂಡದಿದ್ದರೆ ಬಾರ್‌ನ ಎಣ್ಣೆ ತೂತು ಕಟ್ಟಿಕೊಂಡಿದೆ. ಆಮೇಲೆ ಚೈನ್ ಓಡುತ್ತಿರುವಾಗಲೇ, ಹಿಡಿ ಬಿಡದೆ ಎಡ ಮಣಿಕಟ್ಟಿನಿಂದ ಬ್ರೇಕ್ ಪಟ್ಟಿಯನ್ನು ಮುಂದಕ್ಕೆ ತಳ್ಳಿ. ಚೈನ್ ನಿಲ್ಲದಿದ್ದರೆ ಅಂದಿನ ಕೆಲಸ ಅಲ್ಲಿಗೇ ನಿಂತಿತು. ರಿಪೇರಿಗೆ ಕಳಿಸಿ.

ಮೈಮೇಲೆ ಏನಿರಬೇಕು

ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ (ಪೆಟ್ರೋಲಿನಷ್ಟಲ್ಲದಿದ್ದರೂ ಇದಕ್ಕೂ ಸದ್ದಿದೆ), ಕೈಗವಸು, ಗಟ್ಟಿ ಶೂ. ಪಂಚೆ, ಟವೆಲ್, ಹವಾಯಿ ಚಪ್ಪಲಿ ಮೂರೂ ಮನೆಯಲ್ಲೇ ಇರಲಿ. ಚೈನ್ ತಡೆಯುವ ಪದರಗಳುಳ್ಳ ಪ್ಯಾಂಟ್ ಸಿಗುತ್ತದೆ, ದುಬಾರಿ. ತಿಂಗಳಿಗೆ ನಾಲ್ಕು ದಿನವಾದರೂ ಕೊಯ್ಯುವವರು ಕೊಳ್ಳಬೇಕು. ಆದರೆ ಎಲೆಕ್ಟ್ರಿಕ್ ಮೋಟಾರಿನ ಎಳೆತ ಬೇರೆ; ಪೆಟ್ರೋಲ್ ಯಂತ್ರವನ್ನು ಕಟ್ಟಿ ನಿಲ್ಲಿಸುವ ಆ ಪದರಗಳ ನೂಲು ಇದನ್ನೂ ಅಷ್ಟೇ ಚೆನ್ನಾಗಿ ನಿಲ್ಲಿಸುತ್ತದೆ ಎಂಬ ಭರವಸೆ ಇಲ್ಲ. ಪ್ಯಾಂಟ್ ಹಾಕಿದ ಮಾತ್ರಕ್ಕೆ ಧೈರ್ಯ ಹೆಚ್ಚಬಾರದು.

ಜೇಬಿನಲ್ಲಿ ಒಂದು ದಪ್ಪ ಬ್ಯಾಂಡೇಜ್, ಸೊಂಟದಲ್ಲಿ ಒಂದು ಸೀಟಿ. ಒಬ್ಬರೇ ಹೋಗಬೇಡಿ. ಗಾಯವಾದರೆ ಶುದ್ಧ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಬೇಕು. ಆಗ ಆಂಬುಲೆನ್ಸಿನವರಿಗೆ ಸರ್ವೆ ನಂಬರ್ ಹೇಳಿ ಪ್ರಯೋಜನವಿಲ್ಲ. ನಾಲೆಯ ಯಾವ ಸೇತುವೆ, ಯಾವ ಬಸ್ ನಿಲ್ದಾಣದಿಂದ ಎಷ್ಟು ದೂರ ಎಂಬುದನ್ನು ಜತೆಗಿರುವವರು ಮೊದಲೇ ತಿಳಿದಿರಲಿ.

ಹಿಡಿಯುವುದು, ನಿಲ್ಲುವುದು

ಬಲಗೈ ಹಿಂದಿನ ಹಿಡಿಗೆ, ಎಡಗೈ ಮುಂದಿನ ಹಿಡಿಗೆ, ಎಡಗೈಯ ಹೆಬ್ಬೆರಳು ಹಿಡಿಯನ್ನು ಅಡಿಯಿಂದ ಸುತ್ತಿಕೊಂಡಿರಬೇಕು. ಎಡಗೈ ರೂಢಿಯವರೂ ಹೀಗೆಯೇ ಹಿಡಿಯಬೇಕು. ಯಂತ್ರದ ರಚನೆಯೇ ಹಾಗಿದೆ. ಕಾಲುಗಳು ಅಗಲವಾಗಿ, ಎಡಗಾಲು ಸ್ವಲ್ಪ ಮುಂದೆ. ತಲೆ ಬಾರ್‌ನ ನೇರಕ್ಕೆ ಬಾರದೆ ಅದರ ಎಡಪಕ್ಕಕ್ಕಿರಲಿ. ಭುಜಕ್ಕಿಂತ ಮೇಲೆ ಯಂತ್ರ ಎತ್ತಬೇಡಿ, ಏಣಿಯ ಮೇಲೆ ನಿಂತು ಕೊಯ್ಯಲೇಬೇಡಿ.

ಇಷ್ಟೆಲ್ಲ ಯಾಕೆ ಎಂದರೆ ಕಿಕ್‌ಬ್ಯಾಕ್. ಬಾರ್‌ನ ಮೂತಿಯ ಮೇಲರ್ಧದಲ್ಲಿ ಚೈನ್ ಮುಂದಕ್ಕೆ ಹೋಗಿ ಕೆಳಕ್ಕೆ ತಿರುಗುತ್ತದೆ. ಆ ಜಾಗ ಏನಕ್ಕಾದರೂ ತಾಗಿ ಹಲ್ಲು ಕಚ್ಚಿಕೊಂಡರೆ ಮುಂದಕ್ಕೆ ಹೋಗಲಾರದ ಶಕ್ತಿಯೆಲ್ಲ ತಿರುಗಿಬಿದ್ದು ಬಾರ್ ಮೇಲಕ್ಕೆ, ನಿಮ್ಮ ಮುಖದ ಕಡೆಗೆ ಚಿಮ್ಮುತ್ತದೆ. ಕಣ್ಣು ಮಿಟುಕಿಸುವಷ್ಟು ಸಮಯವೂ ಸಿಗುವುದಿಲ್ಲ. ಕೊಯ್ಯುತ್ತಿರುವ ದಿಮ್ಮಿಯೇ ತಾಗಬೇಕೆಂದಿಲ್ಲ. ಅದರ ಹಿಂದೆ ಕಾಣದೆ ಬಿದ್ದಿರುವ ಇನ್ನೊಂದು ಕೊಂಬೆ, ಬೇಲಿಯ ಕಲ್ಲುಕಂಬ, ತಂತಿ ಯಾವುದಾದರೂ ಸಾಕು. ಆದ್ದರಿಂದ ಮೂತಿ ಎಲ್ಲಿದೆ ಎಂಬುದರ ಮೇಲೆ ಸದಾ ಒಂದು ಕಣ್ಣಿರಲಿ. ದಿಮ್ಮಿಯ ಸುತ್ತ ಮೊದಲು ಮಚ್ಚಿನಿಂದ ಸವರಿ ಜಾಗ ಬಿಡಿಸಿ. ಮೂತಿಯಿಂದ ಚುಚ್ಚಿ ಕೊಯ್ಯುವ ಕಸರತ್ತು ತೋಟದವರಿಗೆ ಬೇಕಾಗಿಲ್ಲ.

ಬಿದ್ದ ಮರ ತುಂಡು ಮಾಡುವುದು

ಮುಂಗಾರಿಗೆ ಮುಂಚಿನ ಬಿರುಗಾಳಿ ಮಳೆಯ ಮರುದಿನ ಪಾಂಡವಪುರ, ಮದ್ದೂರು ಕಡೆಯ ತೋಟಗಳಲ್ಲಿ ಈ ಯಂತ್ರಕ್ಕೆ ಬಿಡುವಿಲ್ಲ. ಮರದ ಅಡಿಯಲ್ಲಿ ವಿದ್ಯುತ್ ತಂತಿ ಸಿಕ್ಕಿಕೊಂಡಿದ್ದರೆ ಹತ್ತಿರ ಸುಳಿಯದೆ 1912ಕ್ಕೆ ಕರೆ ಮಾಡಿ, ವಿದ್ಯುತ್ ಕಂಪನಿಯ (ಸೆಸ್ಕ್) ಸಿಬ್ಬಂದಿ ಬಂದು ಸರಬರಾಜು ಕಡಿತಗೊಳಿಸಿ ಹೇಳುವ ತನಕ ಕಾಯಿರಿ. ಕರೆಂಟ್ ಹೋಗಿದೆ ಎಂಬುದು ಊರವರ ಅಂದಾಜಷ್ಟೇ. ಯಾವ ಕ್ಷಣದಲ್ಲಾದರೂ ಮರಳಿ ಬರಬಹುದು.

ಕೊಯ್ಯುವ ಮೊದಲು ದಿಮ್ಮಿಯ ಭಾರ ಎಲ್ಲಿ ಕೂತಿದೆ ನೋಡಿ. ಎರಡೂ ತುದಿ ಬದುಗಳ ಮೇಲೆ ಕೂತು ನಡುಭಾಗ ತೇಲುತ್ತಿದ್ದರೆ ಮೇಲ್ಮೈ ಒತ್ತಿಕೊಂಡಿರುತ್ತದೆ, ಅಡಿ ಹಿಗ್ಗಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಬಾರ್ ನಡುವೆ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಅಡಿಯಿಂದ ಮೇಲಕ್ಕೆ ಮುಗಿಸಿ. ಒಂದು ತುದಿ ಮಾತ್ರ ಊರಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಇದಕ್ಕೆ ತದ್ವಿರುದ್ಧ: ಮೊದಲು ಅಡಿಯಿಂದ ಮೂರನೇ ಒಂದು ಭಾಗ, ಆಮೇಲೆ ಮೇಲಿನಿಂದ. ಅಡಿಯಿಂದ ಕೊಯ್ಯುವಾಗ ಚೈನ್ ಯಂತ್ರವನ್ನು ನಿಮ್ಮ ಕಡೆಗೆ ತಳ್ಳುತ್ತದೆ, ತೋಳು ಗಟ್ಟಿಯಾಗಿರಲಿ. ದಿಮ್ಮಿ ನೆಲದ ಮೇಲೇ ಮಲಗಿದ್ದರೆ ಮುಕ್ಕಾಲು ಪಾಲು ಕೊಯ್ದು ಹೊರಳಿಸಿ ಮುಗಿಸಿ. ಚೈನ್ ಒಮ್ಮೆ ಮಣ್ಣಿಗೆ ತಾಗಿದರೂ ಬೆಳಗ್ಗೆ ಹಾಕಿದ ಹರಿತವೆಲ್ಲ ಹೋಯಿತು.

ಬಾರ್ ಸಿಕ್ಕಿಕೊಂಡರೆ ಎಳೆದಾಡಬೇಡಿ. ಬ್ಯಾಟರಿ ತೆಗೆದು, ಕೊಯ್ದ ಸೀಳಿಗೆ ಮರದ ಬೆಣೆ ಬಡಿದು ಬಿಡಿಸಿ.

ಬೇರುಸಮೇತ ಕಿತ್ತು ಬಿದ್ದ ಬೇವು, ಹೊಂಗೆಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಕಾಂಡ ಕೊಯ್ದು ಭಾರ ಹೋದ ಕೂಡಲೇ ಎದ್ದು ನಿಂತಿದ್ದ ಬೇರಿನ ಹೆಂಟೆ ಧೊಪ್ಪನೆ ಗುಂಡಿಗೆ ಮರಳಿ ಕೂರಬಹುದು. ಗುಂಡಿಯಲ್ಲಿ ಮಕ್ಕಳು ಆಡುತ್ತಿರುವುದನ್ನು, ಕುರಿ ಕಟ್ಟಿರುವುದನ್ನು ನೋಡಿದ್ದೇನೆ. ಮೊದಲು ಅಲ್ಲಿಂದ ಎಲ್ಲರನ್ನೂ ಎಬ್ಬಿಸಿ.

ಕೊಂಬೆ

ದಪ್ಪ ಕೊಂಬೆಯನ್ನು ಮೂರು ಸಲ ಕೊಯ್ಯಬೇಕು. ಕಾಂಡದಿಂದ ಒಂದಡಿ ದೂರದಲ್ಲಿ ಅಡಿಯಿಂದ ಕಾಲುಭಾಗ. ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಪೂರ್ತಿ. ಉಳಿದ ಮೋಟನ್ನು ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿನ ಹೊರಗೆ. ಆ ಉಬ್ಬನ್ನು ಕೆತ್ತಿದರೆ ಗಾಯ ಮುಚ್ಚುವುದಿಲ್ಲ, ಕೊಳೆ ಒಳಕ್ಕಿಳಿಯುತ್ತದೆ. ಮೊದಲ ಕೊಯ್ತ ಬಿಟ್ಟರೆ ಕೊಂಬೆ ಮುರಿದು ಬೀಳುವಾಗ ಕಾಂಡದ ತೊಗಟೆಯನ್ನು ಮೊಳದುದ್ದ ಸುಲಿದುಕೊಂಡು ಹೋಗುತ್ತದೆ. ಮಾವು, ಹಲಸಿನವರು ಇದನ್ನು ಮರೆಯಬಾರದು.

ಬಾಳೆ, ಕಬ್ಬು, ಎಳೆಯ ಬಿದಿರಿನ ಮೆಳೆಗೆ ಈ ಯಂತ್ರ ಬೇಡ. ನಾರು ಸ್ಪ್ರಾಕೆಟಿಗೆ (ಚೈನ್ ಓಡಿಸುವ ಹಲ್ಲುಚಕ್ರಕ್ಕೆ) ಸುತ್ತಿಕೊಳ್ಳುತ್ತದೆ, ಸಣ್ಣ ಕೋಲು ಚೈನಿಗೆ ಸಿಕ್ಕಿ ಚಾಟಿ ಬೀಸುತ್ತದೆ. ಮಚ್ಚು ಕುಡುಗೋಲುಗಳು ಇನ್ನೂ ಕೆಲಸ ಬಿಟ್ಟಿಲ್ಲ.

ತೆಂಗು

ತೆಂಗಿನ ಕಾಂಡ ಬೇರೆ ಮರಗಳ ಹಾಗಲ್ಲ. ಹೊರಗಿನ ಸುತ್ತು ಕಬ್ಬಿಣದಂತಹ ಗಟ್ಟಿ, ಒಳಗೆ ಮೆದು ನಾರು. ಹೊರಸುತ್ತು ಚೈನಿನ ಹರಿತವನ್ನು ಬಹುಬೇಗ ತಿನ್ನುತ್ತದೆ, ನಾರು ಮುಚ್ಚಳದೊಳಗೆ ತುಂಬಿಕೊಳ್ಳುತ್ತದೆ. ಎರಡು ಮೂರು ತುಂಡಾದ ಮೇಲೆ ಬ್ಯಾಟರಿ ತೆಗೆದು ಮುಚ್ಚಳ ಬಿಚ್ಚಿ ನಾರನ್ನು ಕಿತ್ತು ಹಾಕಿ. ಮೋಟಾರ್ ಬಿಸಿಯಾಗಿ ತಾನೇ ನಿಂತರೆ ಟ್ರಿಗರ್ ಒತ್ತುತ್ತಲೇ ಇರಬೇಡಿ, ಆರಲು ಬಿಡಿ.

ನಿಂತ ತೆಂಗನ್ನು ಉರುಳಿಸುವ ಮೊದಲು ಬುಡದಿಂದ ಎದೆಯೆತ್ತರದವರೆಗೆ ಮಚ್ಚಿನ ಹಿಂಬದಿಯಿಂದ ತಟ್ಟಿ ಕೇಳಿ. ಸಣ್ಣ ತೂತುಗಳು, ಅದರಿಂದ ಸೋರಿದ ಕಂದು ರಸ, ಡೊಳ್ಳು ಸದ್ದು ಇದ್ದರೆ ಕೆಂಪು ಮೂತಿ ಹುಳು ಒಳಗೆಲ್ಲ ತಿಂದಿದೆ. ಅಂತಹ ಮರ ನೀವು ಎಣಿಸಿದ ಕಡೆಗೆ ಬೀಳುವುದಿಲ್ಲ, ಎಣಿಸಿದ ಹೊತ್ತಿಗೂ ಬೀಳುವುದಿಲ್ಲ. ಅದನ್ನು ನುರಿತವರಿಗೆ ಬಿಡಿ.

ನಿಂತ ಮರ

ನನ್ನ ಸಲಹೆ ನೇರ: ಯಂತ್ರ ಕೊಂಡ ಮೊದಲ ವರ್ಷ ನಿಂತ ಮರ ಮುಟ್ಟಬೇಡಿ. ಆಮೇಲೂ ಬಾರ್‌ನ ಉದ್ದಕ್ಕಿಂತ ದಪ್ಪ ಮರ ಬೇಡ, ಮನೆ, ರಸ್ತೆ, ತಂತಿಯ ಹತ್ತಿರದ್ದೂ ಬೇಡ.

ಕ್ರಮ ಗೊತ್ತಿರಲಿ. ಮರದ ಎತ್ತರದ ಎರಡರಷ್ಟು ದೂರದೊಳಗೆ ಯಾರೂ ಇರಬಾರದು. ಬ್ಯಾಟರಿ ಯಂತ್ರದ ಸದ್ದು ದೂರದವರಿಗೆ ಎಚ್ಚರಿಕೆ ಕೊಡದು, ಸೀಟಿ ಊದಿ. ಬೀಳುವ ದಿಕ್ಕಿಗೆ ವಿರುದ್ಧವಾಗಿ, ಹಿಂದಕ್ಕೆ ಓರೆಯಾಗಿ ಓಡಿಹೋಗುವ ದಾರಿ ಸವರಿಟ್ಟುಕೊಳ್ಳಿ. ಬೀಳಬೇಕಾದ ಕಡೆ ವ್ಯಾಸದ ಸುಮಾರು ನಾಲ್ಕನೇ ಒಂದು ಭಾಗದಷ್ಟು ಆಳದ ಬಾಯಿ ಕೊಯ್ಯಿರಿ. ಹಿಂಬದಿಯಿಂದ ಆ ಬಾಯಿಯ ತಳಕ್ಕಿಂತ ಎರಡು ಬೆರಳು ಮೇಲೆ ಕೊಯ್ಯುತ್ತ ಬನ್ನಿ, ಪೂರ್ತಿ ಕೊಯ್ಯಬೇಡಿ. ವ್ಯಾಸದ ಹತ್ತನೇ ಒಂದು ಭಾಗದಷ್ಟು ಮರ ನಡುವೆ ಉಳಿಯಬೇಕು. ಮರವನ್ನು ಹಿಡಿದು ದಿಕ್ಕಿಗೆ ಬೀಳಿಸುವುದು ಆ ಪಟ್ಟಿಯೇ. ಮರ ಅಲುಗಿದ ಕೂಡಲೇ ಟ್ರಿಗರ್ ಬಿಟ್ಟು, ದಾರಿ ಹಿಡಿದು ಹಿಂದೆ ಸರಿಯಿರಿ. ಬೀಳುವುದನ್ನು ನೋಡುತ್ತ ಬುಡದಲ್ಲಿ ನಿಲ್ಲಬೇಡಿ.

ಕಾನೂನಿನ ಮಾತೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನಲ್ಲಿದ್ದರೂ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದವುಗಳಿಗೆ ವಿನಾಯಿತಿ ಇದೆ. ಉಳಿದವಕ್ಕೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಂಡೇ ಕೈ ಹಾಕಿ. ಶ್ರೀಗಂಧವಂತೂ ಕೇಳದೆ ಮುಟ್ಟುವಂತಿಲ್ಲ.

ಅರ ಹಾಕುವುದು

ಚೈನ್ ಹರಿತವಿದೆಯೇ ಎಂದು ಹಲ್ಲು ಮುಟ್ಟಿ ನೋಡಬೇಕಾಗಿಲ್ಲ, ಕೆಳಗೆ ಬಿದ್ದದ್ದನ್ನು ನೋಡಿ. ಅವಲಕ್ಕಿಯಂತೆ ಚಕ್ಕೆ ಬೀಳುತ್ತಿದ್ದರೆ ಹರಿತವಿದೆ, ರಾಗಿ ಹಿಟ್ಟಿನಂತೆ ಪುಡಿ ಬೀಳುತ್ತಿದ್ದರೆ ಇಲ್ಲ. ಮೊಂಡು ಚೈನನ್ನು ಒತ್ತಿ ಕೊಯ್ಯಬೇಕಾಗುತ್ತದೆ, ಒತ್ತಿದಾಗ ಕೈ ಜಾರುತ್ತದೆ, ಬ್ಯಾಟರಿ ಅರ್ಧ ಹೊತ್ತಿಗೇ ಮುಗಿಯುತ್ತದೆ. ಬ್ಯಾಟರಿ ನಿಲ್ಲುತ್ತಿಲ್ಲ ಎಂದು ದೂರುವವರು ಮೊದಲು ಚೈನ್ ನೋಡಿಕೊಳ್ಳಬೇಕು.

ಚೈನಿನ ಅಳತೆ (ಪಿಚ್) ಬಾರ್‌ನ ಮೇಲೆ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಕಾಲಿಂಚಿನ ಮತ್ತು 3/8 ಇಂಚಿನ ತಗ್ಗು (ಲೋ ಪ್ರೊಫೈಲ್) ಚೈನುಗಳಿಗೆ ಸಾಮಾನ್ಯವಾಗಿ 4 ಮಿಲಿಮೀಟರಿನ ಗುಂಡು ಅರ, 0.325 ಇಂಚಿನದಕ್ಕೆ 4.8 ಮಿಲಿಮೀಟರಿನದು. ಬ್ಯಾಟರಿ ತೆಗೆದು, ಬಾರನ್ನು ವೈಸ್‌ಗೆ ಕಚ್ಚಿಸಿ. ಎಲ್ಲಕ್ಕಿಂತ ಸವೆದು ಗಿಡ್ಡವಾದ ಹಲ್ಲನ್ನು ಹುಡುಕಿ ಬಣ್ಣದ ಪೆನ್ನಿನಿಂದ ಗುರುತು ಹಾಕಿ. ಉಳಿದವೆಲ್ಲ ಅದರ ಉದ್ದಕ್ಕೆ ಬರಬೇಕು. ಅರವನ್ನು ಹಲ್ಲಿನ ಬಾಗಿಗೆ ಇಟ್ಟು, ಹಲ್ಲಿನ ಮೇಲೆ ಅಚ್ಚೊತ್ತಿರುವ ಓರೆಗೆರೆಯ ನೇರಕ್ಕೆ, ಬಹುತೇಕ 30 ಡಿಗ್ರಿ, ಒಳಗಿನಿಂದ ಹೊರಕ್ಕೆ ತಳ್ಳಿ. ಅರದ ದಪ್ಪದಲ್ಲಿ ಐದನೇ ಒಂದು ಭಾಗ ಹಲ್ಲಿನ ಮೇಲಂಚಿಗಿಂತ ಮೇಲಿರಬೇಕು. ಹಿಂದಕ್ಕೆ ತರುವಾಗ ಎತ್ತಿ ತನ್ನಿ, ಉಜ್ಜಬೇಡಿ. ಹಲ್ಲಿಗೆ ಎರಡು ಮೂರು ಸಲ ಸಾಕು. ಅಂಚಿನಲ್ಲಿ ಬೆಳಕಿಗೆ ಹಿಡಿದರೆ ಮಿನುಗುವ ಬಿಳಿಗೆರೆ ಇದ್ದರೆ ಅದು ಮೊಂಡು. ಅದು ಮಾಯವಾದಾಗ ಹಲ್ಲು ಹರಿತ. ಒಂದು ಪಕ್ಕದ ಹಲ್ಲುಗಳನ್ನೆಲ್ಲ ಮುಗಿಸಿ ಇನ್ನೊಂದು ಪಕ್ಕಕ್ಕೆ ಹೋಗಿ. ಒಂದು ಪಕ್ಕ ಹೆಚ್ಚು ಸವೆದರೆ ಕೊಯ್ತ ಓರೆಯಾಗಿ ಹೋಗುತ್ತದೆ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ದಿಬ್ಬವಿದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುವುದು ಅದು. ನಾಲ್ಕೈದು ಸಲ ಅರ ಹಾಕಿದ ಮೇಲೆ ಅಳತೆಪಟ್ಟಿ ಇಟ್ಟು ಚಪ್ಪಟೆ ಅರದಿಂದ ತಗ್ಗಿಸಬೇಕು. ಹಲ್ಲಿಗಿಂತ ಸಾಮಾನ್ಯವಾಗಿ 0.65 ಮಿಲಿಮೀಟರ್ ಕೆಳಗಿದ್ದರೆ ಸರಿ. ಬೇಗ ಕೊಯ್ಯಲೆಂದು ಇನ್ನೂ ತಗ್ಗಿಸುವವರು ಕಿಕ್‌ಬ್ಯಾಕನ್ನು ತಾವೇ ಕರೆದುಕೊಂಡು ಬರುತ್ತಾರೆ.

ಒರೆಸುವುದು, ಇಡುವುದು

ಕೆಲಸ ಮುಗಿದ ದಿನವೇ ಮುಚ್ಚಳ ಬಿಚ್ಚಿ ಹಳೆಯ ಬ್ರಶ್‌ನಿಂದ ಹೊಟ್ಟು ತೆಗೆಯಿರಿ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು ಬಾರ್‌ನ ಅಂಚಿನ ಸೀಳು ಕೆರೆಯಲು ಹೇಳಿ ಮಾಡಿಸಿದ್ದು. ಎಣ್ಣೆ ತೂತನ್ನು ತಂತಿಯಿಂದ ಬಿಡಿಸಿ. ನೀರಿನ ಪೈಪ್ ಹಿಡಿಯಬೇಡಿ. ಮೋಟಾರಿನ ಗಾಳಿಕಿಂಡಿಗಳಲ್ಲಿ ಧೂಳು ಕೂತಿದ್ದರೆ ಒಣ ಬ್ರಶ್ ಸಾಕು. ಪ್ರತಿ ಸಲ ಅರ ಹಾಕಿದಾಗ ಬಾರನ್ನು ತಲೆಕೆಳಗು ಮಾಡಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ.

ನಿಂತಿರುವ ಯಂತ್ರದಿಂದ ಎಣ್ಣೆ ಸೋರುವುದು ಮಾಮೂಲು. ಅಡಿಗೆ ಹಳೆಯ ತಟ್ಟೆ ಇಡಿ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ. ಆಗ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಪೂರ್ತಿ ಬರಿದು ಮಾಡಿಯೂ ಇಡಬೇಡಿ. ಅರ್ಧದಷ್ಟು ಚಾರ್ಜ್ ಇರಲಿ, ಎರಡು ತಿಂಗಳಿಗೊಮ್ಮೆ ನೋಡಿಕೊಳ್ಳಿ.

ಹಲ್ಲಿನ ಮೇಲಿನ ಗುರುತಿನವರೆಗೆ ಸವೆದ ಚೈನನ್ನು, ಬಿರುಕು ಕಂಡ ಕೊಂಡಿಯುಳ್ಳ ಚೈನನ್ನು ಬಿಸಾಕಿ. ಎರಡು ಮೂರು ಚೈನ್ ಮುಗಿದರೆ ಸ್ಪ್ರಾಕೆಟ್ ಕೂಡ ಬದಲಾಗಬೇಕು, ಹಳೆಯ ಸ್ಪ್ರಾಕೆಟ್ ಹೊಸ ಚೈನನ್ನು ಕೆಡಿಸುತ್ತದೆ. ಸತ್ತ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ತಿಪ್ಪೆಗೂ ಎಸೆಯಬೇಡಿ. ಜಜ್ಜಿದರೆ ಬೆಂಕಿ ಹತ್ತುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಹಿಂಪಡೆಯುವ ಹೊಣೆ ತಯಾರಕರದ್ದು. ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕೊಂಡ ಅಂಗಡಿಗೇ ಕೊಡಿ.